ಹದಿಮೂರು ವೇಗ

ದಾದರ್ ಸೇತುವೆಯ ಬುಡದಲ್ಲಿ, ಗಡಿಯಾರ ರಿಪೇರಿಯವನ ತಲೆ ಮೇಲೆ,
ಗದ್ರೆ ಬಾಯಿಯವರ ದವಾಖಾನೆ. ಮರದ ಏಣಿ, ಹಿಡಿಯಲು ಹಗ್ಗ.
ಹತ್ತುವವರ ಉಸಿರಿನ ಸದ್ದಿಗೇ
ಅರ್ಧ ರೋಗ ತಿಳಿಯುತ್ತದೆ ಅವರಿಗೆ.

ಹೇಳಿದೆ: ಹೊಟ್ಟೆ ಉಬ್ಬರ, ಮಧ್ಯಾಹ್ನ ಮೂರಕ್ಕೆ ತಲೆಶೂಲೆ,
ಹೊರಕಡೆಗೆ ಹೋಗುವುದು ಮೂರು ದಿನಕ್ಕೊಮ್ಮೆ, ಹಿಮ್ಮಡಿಯಲ್ಲಿ ಮೊಳೆ.
ಹನ್ನೊಂದು ವರ್ಷದಿಂದ ಸೀರೆ ಅಂಗಡಿ, ನಿಂತೇ ಕೆಲಸ.
ಅಲ್ಲಿ ಸೀರೆಗಳು ಮಾತ್ರ ಮಲಗುತ್ತವೆ, ಬಿಳಿ ಗಾದಿಯ ಮೇಲೆ.

ನಾಲಿಗೆ ನೋಡಿದರು. ನಾಡಿಗೆ ಮೂರು ಬೆರಳಿಟ್ಟು
ಕಿಟಕಿಯಾಚೆ ಒಂದು ಲೋಕಲ್ ಪೂರ್ತಿ ದಾಟುವ ತನಕ ಸುಮ್ಮನಿದ್ದರು.
ಎಷ್ಟು ಹೊತ್ತು ತಡೆದುಕೊಳ್ತೀ?
ಏನನ್ನು, ಅಂದೆ.
ಎಲ್ಲಾನೂ, ಅಂದರು.

ತಡೆಯಬಾರದ ವೇಗ ಹದಿಮೂರಂತೆ, ಹಿಂದಿನವರ ಲೆಕ್ಕ.
ನನಗೆ ನಗು. ಈ ಊರಲ್ಲಿ ವೇಗವೆಂದರೆ
ನಮ್ಮ ದಿವಾದಲ್ಲಿ ನಿಲ್ಲದೆ
ಗಾಳಿ ಮಾತ್ರ ಇಳಿಸಿ ಹೋಗುವ ಫಾಸ್ಟ್ ಗಾಡಿ.

ಅವರು ಗೆಣ್ಣು ಗೆಣ್ಣಿಗೆ ಹೆಬ್ಬೆರಳು ಸರಿಸುತ್ತ ಎಣಿಸಿದರು.
ಹಸಿವು. ಲಗ್ನದ ಗಿರಾಕಿ ಬಂದರೆ ನನ್ನ ಡಬ್ಬಿ ನಾಲ್ಕಕ್ಕೆ ತೆರೆಯುತ್ತದೆ,
ಪಲ್ಯ ಅಷ್ಟರಲ್ಲಿ ಬೆವತಿರುತ್ತದೆ.
ಸೀನು. ಹೊಸ ಕಾಟನ್ನಿನ ಗಂಜಿ ಮೂಗಿಗೇರುತ್ತದೆ; ಸೆರಗು ಕಚ್ಚಿ ನುಂಗುತ್ತೇನೆ.
ವಾಯು. ಬೀಗರೆಲ್ಲ ಸಾಲಾಗಿ ಕೂತು ಪೈಠಣಿ ನೋಡುವಾಗ?
ನಿದ್ದೆ. ಇದೆಯಲ್ಲ, ಠಾಣೆಯ ತನಕ, ನಿಂತು, ನಾಲ್ಕು ಭುಜಗಳ ನಡುವೆ.
ಒಂದನ್ನು ಸಂಸ್ಕೃತದಲ್ಲೇ ಹೇಳಿ ಲಗುಬಗೆಯಿಂದ ದಾಟಿಸಿದರು.
ಕಣ್ಣೀರು, ಅಂದರು.
ಮುಂದಿನದು ಹೇಳಿ, ಅಂದೆ.

ಮೂತ್ರ. ಅದರ ಕೀಲಿ ವೋರಾ ಶೇಟ್‌ರ ಗಲ್ಲೆಯ ಹಿಂದೆ,
ಲಕ್ಷ್ಮಿ ಪಟದ ಕೆಳಗಿನ ಮೊಳೆಗೆ.
ಕೇಳಬೇಕು, ಗಿರಾಕಿಗಳೆದುರು. ಅವರು ಗಡಿಯಾರ ನೋಡಿ
ಮತ್ತೆ? ಎನ್ನುತ್ತಾರೆ. ಅಷ್ಟೇ.
ಅದಕ್ಕೆಂದೇ ನೀರು ಕುಡಿಯುವುದಿಲ್ಲ.
ಬೆಳಿಗ್ಗೆ ತುಂಬಿದ ಬಾಟಲಿ ರಾತ್ರಿ ತುಂಬಿದಂತೆಯೇ
ನನ್ನೊಂದಿಗೆ ಮನೆಗೆ ಬರುತ್ತದೆ.

ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ ಬರೆದರು:
ರಾತ್ರಿ ನೆನೆಸಿದ ಕಪ್ಪು ದ್ರಾಕ್ಷಿ, ಹನ್ನೆರಡು.
ಇಂಗು ಬಿದ್ದ ಹೆಸರುಬೇಳೆ ಖಿಚಡಿ, ಒಂದು ಗಂಟೆಯೊಳಗೆ, ಕೂತು.
ಅಂಗಾಲಿಗೆ ಎಳ್ಳೆಣ್ಣೆ.
ದಿನವಿಡೀ ಜೀರಿಗೆ ನೀರು, ಬೆಚ್ಚಗೆ.
ಕೊನೆಗೆ, ಔಷಧದ ಹೆಸರು ಬರೆದ ಹಾಗೆಯೇ: ಕೀಲಿ.

ದ್ರಾಕ್ಷಿ ವಾರದಲ್ಲೇ ಮಾತು ಕೇಳಿತು.
ಎಣ್ಣೆ ಕಾಲಿಂದ ಚಾದರಕ್ಕಿಳಿದು ಮಗಳ ಬೈಗುಳ ತಂದಿತು;
ಮೂರನೇ ರಾತ್ರಿ ತನ್ನ ಪಾದವನ್ನೂ ಸುಮ್ಮನೆ ನನ್ನ ಮಡಿಲಿಗಿಟ್ಟಳು.
ಜೀರಿಗೆ ನೀರಿನದೇ ತಕರಾರು.
ಕುಡಿದ ನೀರು ಶೇಟ್‌ರ ಮುಖ ನೋಡಿ ನಿಲ್ಲುವುದಿಲ್ಲ.

ಗುರುವಾರ ಕೀಲಿ ಕೇಳಿ ತೆಗೆದುಕೊಂಡು ಹೋದೆ.
ಬಂದು ಮೊಳೆಗೆ ಹಾಕಲಿಲ್ಲ.
ಲಂಗಗಳ ಕಪಾಟಿನ ಪಕ್ಕ, ಗಜದ ಕೋಲಿನ ಕೊಕ್ಕೆಗೆ ಸಿಕ್ಕಿಸಿದೆ,
ನಮ್ಮ ಕೈ ಎಟಕುವಲ್ಲಿ.
ನೂರ್‌ಬಾನು ಹೋಗಿ ಬಂದಳು. ಅರವತ್ತರ ಪ್ರಮಿಳಾಬಾಯಿ
ಎರಡು ಸಲ ಹೋದರು, ಎರಡನೆಯದು
ಬರೀ ಹೋಗಬಹುದೆಂಬ ಖುಷಿಗೆ.
ಶೇಟ್ ಖಾಲಿ ಮೊಳೆ ನೋಡಿದರು, ಲಕ್ಷ್ಮಿಯನ್ನು ನೋಡಿದರು.
ನಮ್ಮನ್ನು ನೋಡಲಿಲ್ಲ.

ಮತ್ತೆ ಏಣಿ ಹತ್ತಿದೆ. ನಾಲಿಗೆ ಸ್ವಚ್ಛ ಅಂದರು.
ಇನ್ನೆಷ್ಟು ಉಳಿದಿವೆ?
ಒಂದು, ಅಂದೆ.
ಯಾವುದೆಂದು ಕೇಳಲಿಲ್ಲ. ಒಂದು ಲೋಕಲ್ ದಾಟಿತು,
ಅದರ ಹಿಂದೆಯೇ ಇನ್ನೊಂದು.

ನಿನ್ನೆ ಚೆಂಬೂರಿನ ಹೆಂಗಸು, ನಲವತ್ತನೆಯ ಸೀರೆ ಬಿಚ್ಚಿಸಿ
ಇದರಲ್ಲೇ ತುಸು ತಿಳಿ ಬಣ್ಣ ಇದೆಯಾ ಎಂದಳು.
ನನಗೆ ಆಕಳಿಕೆ ಬಂತು. ಬರಲೆಂದು ಬಿಟ್ಟೆ,
ದವಡೆ ಕಟಕ್ಕೆನ್ನುವ ಹಾಗೆ, ಕಣ್ಣಂಚು ಒದ್ದೆಯಾಗುವ ಹಾಗೆ.
ಅವಳು ದುರುಗುಟ್ಟಿದಳು.
ಆಮೇಲೆ ಅವಳ ಬಾಯಿಯೂ ತೆರೆಯಿತು, ದೊಡ್ಡದಾಗಿ.
ಗಾದಿಯ ಮೇಲೆ ಕಾಲು ಚಾಚಿ,
ಹೋಗಲಿ, ಅದನ್ನೇ ಕೊಡು, ಅಂದಳು.